ಬೆಣ್ಣೆ ದೋಸೆ ಓಟಕ್ಕೆ ಮೊದಲೋ, ಆಮೇಲೋ?

ದಾವಣಗೆರೆಯಲ್ಲಿ ಹೊಸದಾಗಿ ಓಟ ಶುರು ಮಾಡಿದವರು ಒಂದು ತಿಂಗಳೊಳಗೆ ಕೇಳುವ ಪ್ರಶ್ನೆ ಇದು: ಇನ್ನು ಬೆಣ್ಣೆ ದೋಸೆ ಬಿಡಬೇಕಾ? ಬಿಡಬೇಕಿಲ್ಲ. ಬಿಡಿ ಎಂದು ಉಪದೇಶ ಮಾಡುವವರು ಹೆಚ್ಚಿನಂಶ ಓಡುವವರಲ್ಲ, ತೂಕದ ಯಂತ್ರದ ಮುಳ್ಳು ನೋಡುತ್ತ ಕೂತವರು. ಮಂಡಕ್ಕಿ, ರಾಗಿ ಮುದ್ದೆ, ಜೋಳದ ರೊಟ್ಟಿ, ಹುರುಳಿಕಾಳು ಸಾರು, ಶೇಂಗಾ ಚಟ್ನಿ, ಮಜ್ಜಿಗೆ. ಹತ್ತು ಕಿ.ಮೀ. ಓಡುವವರಿಗೂ 21.1 ಕಿ.ಮೀ.ನ ಹಾಫ್ ಮ್ಯಾರಥಾನ್ ಓಡುವವರಿಗೂ ಬೇಕಾದ್ದೆಲ್ಲ ನಮ್ಮ ಸೀಮೆಯ ಅಡುಗೆಮನೆಯಲ್ಲೇ ಇದೆ. ಎಡವಟ್ಟಾಗುವುದು ಹೊತ್ತು ತಪ್ಪಿ ತಿಂದಾಗ.

ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಬ್ಬು. ಕಾವಲಿ ಮೇಲೆ ಒಮ್ಮೆ, ತಟ್ಟೆಗೆ ಬಂದ ಮೇಲೆ ಇನ್ನೊಮ್ಮೆ ಬೀಳುವ ಬೆಣ್ಣೆ ಎರಡು ದೊಡ್ಡ ಚಮಚ ಎಂದಿಟ್ಟುಕೊಳ್ಳಿ. ಅದೇ ಸುಮಾರು 28 ಗ್ರಾಂ, 200 ಕ್ಯಾಲೊರಿ. ಒಂದೇ ದೋಸೆಗೆ ಏಳುವವರು ನಮ್ಮೂರಲ್ಲಿ ಕಡಿಮೆ. ಕೊಬ್ಬು ಜಾಸ್ತಿ ಇದ್ದಷ್ಟೂ ಹೊಟ್ಟೆ ಖಾಲಿಯಾಗುವುದು ತಡ. ಅತ್ತ ಓಡುವಾಗ ರಕ್ತವೆಲ್ಲ ಕಾಲಿನ ಸ್ನಾಯುಗಳ ಕಡೆಗೂ ಚರ್ಮದ ಕಡೆಗೂ ತಿರುಗಿ, ಹೊಟ್ಟೆ ಕರುಳಿಗೆ ಸಿಗುವುದು ಕಡಿಮೆಯಾಗುತ್ತದೆ. ಅರೆ ಜೀರ್ಣವಾದ ದೋಸೆ ಒಳಗೆ ಕುಲುಕಾಡುತ್ತದೆ. ಎದೆ ಉರಿ, ಪಕ್ಕೆ ಹಿಡಿತ, ಆರನೇ ಕಿ.ಮೀ.ನಲ್ಲಿ ಮರೆ ಹುಡುಕುವ ಪರಿಸ್ಥಿತಿ, ಮೂರಕ್ಕೂ ಮೂಲ ಅಲ್ಲಿದೆ. ಅದೇ ದೋಸೆ ಓಟ ಮುಗಿದ ಮೇಲೆ ತಿಂದರೆ ಯಾವ ತಕರಾರೂ ಇಲ್ಲ.

ಓಟಕ್ಕೆ ಮುಂಚೆ ಬೇಕಾದದ್ದು ಪಿಷ್ಟ, ಅಂದರೆ ಕಾರ್ಬೊಹೈಡ್ರೇಟ್. ದೇಹದ ಸ್ನಾಯು ಮತ್ತು ಯಕೃತ್ತಿನಲ್ಲಿ ಒಟ್ಟು 400ರಿಂದ 500 ಗ್ರಾಂನಷ್ಟು ಪಿಷ್ಟ ದಾಸ್ತಾನು ಇರುತ್ತದೆ. ಹದವಾದ ವೇಗದಲ್ಲಿ ಒಂದೂವರೆಯಿಂದ ಎರಡು ಗಂಟೆ ಓಡುವುದಕ್ಕೆ ಅದು ಸಾಕು. ಹಾಗಾಗಿ ದಿನದ ಐದಾರು ಕಿ.ಮೀ. ಓಟಕ್ಕೆ ಮುಂಚೆ ಏನೂ ತಿನ್ನಬೇಕಿಲ್ಲ, ಒಂದು ಲೋಟ ನೀರು ಕುಡಿದು ಹೊರಟರಾಯಿತು. ಐದು ಕಿ.ಮೀ. ಓಡಿ ಬಂದು ಎನರ್ಜಿ ಜೆಲ್ ಹೀರುವುದು ಶುದ್ಧ ದುಡ್ಡಿನ ದಂಡ. ಲೆಕ್ಕ ಹಾಕಬೇಕಾದದ್ದು ವಾರಕ್ಕೊಮ್ಮೆ, ಭಾನುವಾರದ ಉದ್ದದ ಓಟಕ್ಕೆ, ಅದು ಒಂದೂವರೆ ಗಂಟೆ ದಾಟುವಾಗ.

ಅದರ ತಯಾರಿ ಹಿಂದಿನ ಸಂಜೆಗೇ ಶುರು. ಮಂಡಕ್ಕಿ ಒಗ್ಗರಣೆಗೆ ಸಾಟಿಯಾದದ್ದು ಇನ್ನೊಂದಿಲ್ಲ ಎನ್ನುವುದು ನನ್ನ ಪಕ್ಷಪಾತದ ಮಾತು, ಆದರೆ ಅದಕ್ಕೆ ಕಾರಣವೂ ಇದೆ. 100 ಗ್ರಾಂ ಮಂಡಕ್ಕಿಯಲ್ಲಿ 85 ಗ್ರಾಂಗೂ ಹೆಚ್ಚು ಪಿಷ್ಟ. ನಾರು, ಕೊಬ್ಬು ಎರಡೂ ಅತ್ಯಲ್ಪ. ಊರಿನ ಭಟ್ಟಿಗಳಲ್ಲಿ ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಹೊಟ್ಟು ತೆಗೆದು, ಉಪ್ಪುನೀರು ಹಿಡಿಸಿ, ಕಾದ ಮರಳಿನಲ್ಲಿ ಹುರಿದು ಅರಳಿಸುತ್ತಾರೆ. ಅಂದರೆ ಪಿಷ್ಟ ಆಗಲೇ ಬೆಂದು ಅರಳಿದ್ದು, ಜೀರ್ಣಕ್ಕೆ ಸಲೀಸು. ಉಪ್ಪೂ ಒಳಗೇ ಇರುತ್ತದೆ. ಒಗ್ಗರಣೆಗೆ ಉಪ್ಪು ಹಾಕುವ ಮೊದಲು ನಾಲ್ಕು ಕಾಳು ಬಾಯಿಗೆ ಹಾಕಿ ನೋಡುವುದು ಅದಕ್ಕೇ.

ಇಬ್ಬರಿಗೆ 100 ಗ್ರಾಂ ಮಂಡಕ್ಕಿ, ಲೋಟದಲ್ಲಿ ಅಳೆದರೆ ಏಳು ಲೋಟದಷ್ಟು. ಒಗ್ಗರಣೆ ಪೂರ್ತಿ ಸಿದ್ಧವಾಗುವವರೆಗೆ ಮಂಡಕ್ಕಿಗೆ ನೀರು ಮುಟ್ಟಿಸಬೇಡಿ. ಎರಡು ಚಮಚ ಎಣ್ಣೆಗೆ ಸಾಸಿವೆ, ಜೀರಿಗೆ, ಒಂದು ಸಣ್ಣ ಹಿಡಿ ಶೇಂಗಾ, ಕರಿಬೇವು. ಶೇಂಗಾ ಕೆಂಪಗಾದ ಮೇಲೆ ಹೆಚ್ಚಿದ ಎರಡು ಈರುಳ್ಳಿ, ಸೀಳಿದ ಒಂದೋ ಎರಡೋ ಹಸಿಮೆಣಸಿನಕಾಯಿ, ಅರಿಸಿನ, ಒಂದು ಟೊಮೆಟೊ. ಟೊಮೆಟೊ ಮೆತ್ತಗಾದ ಮೇಲೆ ಒಲೆ ಆರಿಸಿ. ಈಗ ಮಂಡಕ್ಕಿಯನ್ನು ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಹತ್ತು ಹದಿನೈದು ಸೆಕೆಂಡಿನಲ್ಲಿ ಎತ್ತಿ, ಎರಡೂ ಅಂಗೈ ನಡುವೆ ಹಿಂಡಿ ಬಾಣಲೆಗೆ ಹಾಕಿ. ಮೂರು ಚಮಚ ಪುಟಾಣಿ ಹಿಟ್ಟು, ಅರ್ಧ ನಿಂಬೆಹಣ್ಣು, ಕೊತ್ತಂಬರಿ. ಕೈಯಾಡಿಸಿ ಕೂಡಲೇ ತಿನ್ನಿ.

ಕೆಡುವುದು ಎರಡೇ ಕಡೆ. ನೀರಿನಲ್ಲಿ ಅರ್ಧ ನಿಮಿಷ ಬಿಟ್ಟರೆ ಗಂಜಿಯಾಗುತ್ತದೆ. ಆಗ ಪುಟಾಣಿ ಹಿಟ್ಟು ಒಂದು ಚಮಚ ಜಾಸ್ತಿ ಹಾಕಿದರೆ ಹೆಚ್ಚಿನ ನೀರು ಹೀರಿಕೊಂಡು ಅರ್ಧಂಬರ್ಧ ಉಳಿಯುತ್ತದೆ. ಮಂಡಕ್ಕಿ ಹಾಕಿದ ಮೇಲೂ ಉರಿ ಇಟ್ಟರೆ ನೀರಾರಿ ರಬ್ಬರಿನಂತೆ ಜಗಿಯಬೇಕಾಗುತ್ತದೆ. ಜೊತೆಗೆ ಮೆಣಸಿನಕಾಯಿ ಬಜ್ಜಿ ಬೇಡವೇ ಎಂದು ಕೇಳಬೇಡಿ. ಒಗ್ಗರಣೆ-ಮೆಣಸಿನಕಾಯಿ ಜೋಡಿ ಬಿಡಿಸುವುದು ಪಾಪದ ಕೆಲಸವೇ, ಒಪ್ಪುತ್ತೇನೆ. ಆದರೆ ಕಡಲೆಹಿಟ್ಟು, ಎಣ್ಣೆ, ಖಾರ ಮೂರೂ ಒಟ್ಟಿಗೆ ಸೇರಿದ್ದು ಬೆಳಗಿನ ಐದು ಗಂಟೆಗೆ ತನ್ನ ಲೆಕ್ಕ ಕೇಳಿಯೇ ಕೇಳುತ್ತದೆ. ಶನಿವಾರ ಸಂಜೆ ಒಂದು ದಿನ ತಡೆದುಕೊಳ್ಳಿ.

ರಾಗಿ ಮುದ್ದೆ ಬೇರೆ ಜಾತಿಯ ಆಹಾರ. 100 ಗ್ರಾಂ ರಾಗಿ ಹಿಟ್ಟಿನಲ್ಲಿ 65-70 ಗ್ರಾಂ ಪಿಷ್ಟ, 10 ಗ್ರಾಂ ಮೇಲ್ಪಟ್ಟು ನಾರು, 340 ಮಿ.ಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ. ಮೂಳೆಗೆ ದಿನವೂ ಪೆಟ್ಟು ಬೀಳುವ ಓಟಗಾರರಿಗೆ ಈ ಕೊನೆಯ ಅಂಕಿ ಮುಖ್ಯ. ಆದರೆ ಅಷ್ಟು ನಾರು ಉದ್ದದ ಓಟದ ಹಿಂದಿನ ರಾತ್ರಿಗೆ ಹೊಂದುವುದಿಲ್ಲ. ವಾರದ ಬೇರೆ ದಿನಗಳಲ್ಲಿ, ಓಡಿ ಬಂದ ಮಧ್ಯಾಹ್ನ ಮುದ್ದೆ ಉಣ್ಣಿ. ಮೊಳಕೆ ಹುರುಳಿ ಸಾರು ಜೊತೆಗಿದ್ದರೆ ಪ್ರೋಟೀನ್ ಚಿಂತೆಯೂ ಅರ್ಧ ಮುಗಿಯಿತು; ಒಣ ಹುರುಳಿಯಲ್ಲಿ ನೂರಕ್ಕೆ 22 ಗ್ರಾಂನಷ್ಟು ಪ್ರೋಟೀನ್ ಇದೆ.

ಹಾಸ್ಟೆಲ್ ಹುಡುಗರು ಮುದ್ದೆ ಗಂಟಾಗುತ್ತೆ ಎನ್ನುತ್ತಾರೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ನೀರಿಗೆ ಉಪ್ಪು, ತಣ್ಣೀರಿನಲ್ಲಿ ಕಲಸಿದ ಒಂದು ಚಮಚ ರಾಗಿ ಹಿಟ್ಟು ಹಾಕಿ ಕುದಿಸಿ. ಕುದಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ಒಂದು ತೂತು ಮಾಡಿ, ಸಣ್ಣ ಉರಿಯಲ್ಲಿ ಐದು ನಿಮಿಷ ಮುಚ್ಚಿಡಿ. ಕೈ ತಡೆಯದೆ ಆಗಲೇ ತಿರುವಿದರೆ ಗಂಟು ಗ್ಯಾರಂಟಿ. ಹಬೆ ಒಳಗಿನ ಹಿಟ್ಟಿಗೂ ಹತ್ತಿದ ಮೇಲೆ ಪಾತ್ರೆ ಕೆಳಗಿಟ್ಟು, ಅದನ್ನು ಪಾದಗಳ ನಡುವೆ ಬಿಗಿಯಾಗಿ ಹಿಡಿದು ಕೋಲಲ್ಲಿ ಅಂಚಿಗೆ ಒತ್ತಿ ಒತ್ತಿ ತಿರುವಬೇಕು. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ ಎಂದರ್ಥ.

ಓಟದ ಬೆಳಿಗ್ಗೆಗೆ ಒಂದು ಸುಲಭದ ಅಳತೆ: ಹೊರಡುವ ಒಂದು ಗಂಟೆ ಮುಂಚೆ, ದೇಹದ ತೂಕದ ಪ್ರತಿ ಕಿಲೋಗೆ ಒಂದು ಗ್ರಾಂ ಪಿಷ್ಟ. ಅರವತ್ತು ಕಿಲೋ ತೂಗುವವರಿಗೆ ಮೂರು ಯಾಲಕ್ಕಿ ಬಾಳೆಹಣ್ಣು, ಜೊತೆಗೊಂದು ನಿಂಬೆ ಗಾತ್ರದ ಬೆಲ್ಲ, ಲೆಕ್ಕ ಸರಿಹೋಯಿತು. ಕಾಫಿ ಕುಡಿಯುವ ರೂಢಿ ಇದ್ದವರು ಕುಡಿಯಲಿ. ಕೆಫೀನ್ ಪರಿಣಾಮ ತೋರಲು ಮುಕ್ಕಾಲು ಗಂಟೆ ಬೇಕು, ಶೌಚದ ಕೆಲಸವೂ ಮನೆಯಲ್ಲೇ ಮುಗಿಯುತ್ತದೆ. ಹಾಲು ಜಾಸ್ತಿ ಸುರಿದ ಕಾಫಿ ಕೆಲವರಿಗೆ ಹೊಟ್ಟೆ ಉಬ್ಬರ ತರುತ್ತದೆ. ಅಂಥವರು ಕರಿ ಕಾಫಿಗೆ ಬೆಲ್ಲ ಹಾಕಿಕೊಳ್ಳುವುದು ವಾಸಿ.

ದಾರಿಯಲ್ಲಿ ಕುಡಿಯುವುದಕ್ಕೆ ಪೇಟೆಯ ಬಣ್ಣದ ನೀರು ಕೊಳ್ಳಬೇಕಿಲ್ಲ. ಒಂದು ಲೀಟರ್ ನೀರಿಗೆ 50 ಗ್ರಾಂ ಸಕ್ಕರೆ (ಟೀ ಚಮಚದಲ್ಲಿ ಮಟ್ಟಸವಾಗಿ ಹನ್ನೆರಡು), ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು. ಗಂಟೆಗೆ ಅರ್ಧ ಲೀಟರಿನಷ್ಟು, ಕಾಲು ಗಂಟೆಗೊಮ್ಮೆ ಎರಡು ಮೂರು ಗುಟುಕು. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಬೇಕು ಎನ್ನುವುದು ಉದ್ದದ ಓಟದ ಸಾಮಾನ್ಯ ಲೆಕ್ಕ. ಪಾನಕದಿಂದ 25 ಬಂದರೆ ಉಳಿದದ್ದಕ್ಕೆ ಬೀಜ ತೆಗೆದ ಎರಡು ಮೂರು ಖರ್ಜೂರ ಜೇಬಿನಲ್ಲಿರಲಿ. ರುಚಿಗೆಂದು ಸಕ್ಕರೆ ದುಪ್ಪಟ್ಟು ಮಾಡಿದರೆ ನೀರು ಕರುಳಿನಿಂದ ರಕ್ತಕ್ಕೆ ಸೇರುವುದು ನಿಧಾನವಾಗಿ ಹೊಟ್ಟೆ ಗುಳುಗುಳು ಎನ್ನುತ್ತದೆ.

ಎಳನೀರಿನ ಮೇಲೆ ನಮಗಿರುವ ಭಕ್ತಿ ಅತಿಯಾಯಿತು. ಅದರಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ, ಅಂದರೆ ಅಡುಗೆ ಉಪ್ಪು. ಓಡಿ ಬಂದಾಗ ಟೀ ಶರ್ಟಿನ ಬೆನ್ನಲ್ಲಿ, ಟೋಪಿಯ ಅಂಚಿನಲ್ಲಿ ಬಿಳಿ ಗೆರೆ ಕಾಣುವವರಿಗೆ ಉಪ್ಪು ಹಾಕಿದ ಮಜ್ಜಿಗೆಯೇ ಮೇಲು. ಎಳನೀರು ಕುಡಿಯಿರಿ, ಜೊತೆಗೆ ಉಪ್ಪು ಬಿದ್ದ ತಿಂಡಿಯೂ ಇರಲಿ.

ಎಷ್ಟು ಕುಡಿಯಬೇಕು ಎಂದು ತಿಳಿಯಲು ತೂಕದ ಯಂತ್ರವನ್ನು ಇಲ್ಲಿ ಬಳಸಿ. ಓಟದ ಮುಂಚೆ ಒಮ್ಮೆ, ಬಂದು ಬೆವರು ಒರೆಸಿಕೊಂಡು ಒಮ್ಮೆ ನಿಲ್ಲಿ. ಒಂದು ಕಿಲೋ ಇಳಿದಿದ್ದರೆ ಕುಡಿದದ್ದಕ್ಕಿಂತ ಒಂದು ಲೀಟರ್ ಬೆವರು ಜಾಸ್ತಿ ಹೋಗಿದೆ. ಅರವತ್ತು ಕಿಲೋದವರಿಗೆ ಒಂದು ಕಿಲೋ ಸುತ್ತಮುತ್ತ ಇಳಿದರೆ ಗಾಬರಿ ಬೇಡ. ತೂಕ ಏರಿದ್ದರೆ ಗಾಬರಿಯಾಗಬೇಕು: ಬರೀ ನೀರು ಮಿತಿಮೀರಿ ಕುಡಿದು ರಕ್ತದ ಸೋಡಿಯಂ ಕುಸಿಯುವುದು ಪ್ರಾಣಕ್ಕೇ ಕುತ್ತು ತರಬಲ್ಲದು. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತಡವರಿಸುವುದು ಅದರ ಗುರುತು. ಅಂಥವರಿಗೆ ಇನ್ನೂ ನೀರು ಕುಡಿಸುತ್ತ ಕೂರದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಇನ್ನೊಂದು ಮಾತು, ಮಂಡಿ ನೋವಿಗೆಂದು ಐಬುಪ್ರೊಫೆನ್ ಜಾತಿಯ ಮಾತ್ರೆ ನುಂಗಿ ಉದ್ದದ ಓಟಕ್ಕೆ ಇಳಿಯಬೇಡಿ. ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಭಾರ.

ಇನ್ನು ಎಲ್ಲಿ ಓಡುವುದು. ದಾವಣಗೆರೆ ಬಯಲು, ಏರಿಳಿತ ಕಡಿಮೆ. ಕುಂದವಾಡ ಕೆರೆ ಏರಿ ಬೆಳಗಿನ ವಾಕಿಂಗಿನವರಿಂದ ತುಂಬಿರುತ್ತದೆ. ಆರು ಗಂಟೆಯೊಳಗೆ ಹೋದರೆ ಕಾಲಿಗೆ ಜಾಗ, ಆಮೇಲೆ ಹೋದರೆ ಹಿಂದಿನಿಂದ "ಸ್ವಲ್ಪ ದಾರಿ ಬಿಡಿ ಅಣ್ಣಾ, ಅಕ್ಕಾ" ಎನ್ನುತ್ತಲೇ ಸಾಗಬೇಕು. ಉದ್ದದ ಓಟಕ್ಕೆ ಭದ್ರಾ ನಾಲೆಯ ಪಕ್ಕದ ಮಣ್ಣು ದಾರಿಗಳು ಚೆನ್ನ. ಮಟ್ಟಸವಾಗಿವೆ, ಮೊಣಕಾಲಿಗೆ ಡಾಂಬರಿಗಿಂತ ಮೆತ್ತಗೆ, ಎರಡೂ ಕಡೆ ಗದ್ದೆಯ ತಂಪು. ಮಳೆ ಬಿದ್ದ ಮರುದಿನ ಮಾತ್ರ ಆ ಕಡೆ ತಲೆ ಹಾಕಬೇಡಿ. ಎರೆಮಣ್ಣು ಶೂ ಅಡಿಗೆ ಹೆಜ್ಜೆ ಹೆಜ್ಜೆಗೂ ಮೆತ್ತಿಕೊಂಡು ಪ್ರತಿ ಕಾಲಿಗೆ ಅರ್ಧ ಕಿಲೋ ಕಟ್ಟಿದಂತಾಗುತ್ತದೆ, ಪಾದ ಹೊರಳುತ್ತದೆ. ಭತ್ತದ ಕೊಯ್ಲಿನ ದಿನಗಳಲ್ಲಿ ಇಲಿ ಹುಡುಕಿ ಹಾವು ಬದುವಿಗೆ ಬರುವುದೂ ಸಾಮಾನ್ಯ, ಕತ್ತಲಲ್ಲಿ ಹೆಡ್‌ಲ್ಯಾಂಪ್ ಇಲ್ಲದೆ ಹೋಗುವುದು ತರವಲ್ಲ.

ಹಳ್ಳಿ ರಸ್ತೆಗಳಿಗೆ ಅವುಗಳದೇ ಕ್ಯಾಲೆಂಡರ್ ಇದೆ. ಮುಂಗಾರು ಬೆಳೆ ಕೈಗೆ ಬಂದ ಮೇಲೆ ಮೆಕ್ಕೆಜೋಳ ರಸ್ತೆಯ ಅರ್ಧಭಾಗಕ್ಕೆ ಹರಡಿರುತ್ತದೆ. ಆಮೇಲೆ ರಾಗಿ ತೆನೆ, ಹುರುಳಿ ಬಳ್ಳಿ, ವಾಹನ ಹರಿದು ಒಕ್ಕಣೆಯಾಗಲಿ ಎಂದು. ಮೆಕ್ಕೆಜೋಳದ ಕಾಳಿನ ಮೇಲೆ ಕಾಲಿಟ್ಟರೆ ಗೋಲಿ ಮೇಲೆ ನಿಂತಂತೆಯೇ. ಉಳಿದರ್ಧದಲ್ಲಿ ಎದುರಿಂದ ಟ್ರ್ಯಾಕ್ಟರ್ ಬರುತ್ತಿರುತ್ತದೆ. ಹಾಗಾಗಿ ರಸ್ತೆಯ ಬಲಬದಿಗೇ, ಎದುರಿನ ವಾಹನ ಕಣ್ಣಿಗೆ ಕಾಣುವಂತೆ ಓಡಿ; ರಾಶಿ ಬಂದಲ್ಲಿ ನಿಂತು, ನೋಡಿ, ನಡೆದು ದಾಟಿ. ಕಾಳು ಚೆಲ್ಲಾಡಿಸಿ ಓಡಿದರೆ ಕಾವಲಿಗೆ ಕೂತ ಅಜ್ಜಿಯಿಂದ ಬೈಗುಳ ತಪ್ಪಿದ್ದಲ್ಲ, ಅದು ನ್ಯಾಯವೇ. ಬೀದಿನಾಯಿ ಅಟ್ಟಿಸಿಕೊಂಡು ಬಂದರೆ ಓಟ ನಿಲ್ಲಿಸಿ, ಮುಖ ಅದರ ಕಡೆಗೇ ಇಟ್ಟು ನಿಧಾನ ಹಿಂದೆ ಸರಿಯಿರಿ. ಬೆನ್ನು ತಿರುಗಿಸಿ ವೇಗ ಹೆಚ್ಚಿಸಿದವರ ಮೀನಖಂಡವೇ ಅದಕ್ಕೆ ಸಿಗುವುದು.

ವೇಗದ ಅಭ್ಯಾಸಕ್ಕೆ ಕ್ರೀಡಾಂಗಣದ ಟ್ರ್ಯಾಕ್. ಒಳಗಿನ ಮೊದಲ ಲೇನಿನ ಸುತ್ತು 400 ಮೀಟರ್, ಹೊರಕ್ಕೆ ಒಂದೊಂದು ಲೇನ್ ಸರಿದಂತೆ ಏಳು ಮೀಟರ್ ಮೇಲ್ಪಟ್ಟು ಜಾಸ್ತಿ. ಸುತ್ತು ಎಣಿಸಿಯೇ ದೂರ ಲೆಕ್ಕ ಹಾಕಿ. ಕೈಗಡಿಯಾರದ ಜಿಪಿಎಸ್ ತಿರುವುಗಳಲ್ಲಿ ತಪ್ಪು ತೋರಿಸುತ್ತದೆ.

ಚಿತ್ರದುರ್ಗದ ಲೆಕ್ಕವೇ ಬೇರೆ. ಅಲ್ಲಿನ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಸುಮ್ಮನೆ ನೆಟ್ಟಿದ್ದಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು. ಓಟದ ಮೊದಲರ್ಧ ಪಶ್ಚಿಮಕ್ಕೆ, ಗಾಳಿಗೆ ಎದೆಯೊಡ್ಡಿ ಓಡಿ. ದಣಿದ ಮೇಲೆ ವಾಪಸು ಬರುವಾಗ ಬೆನ್ನ ಹಿಂದಿನ ಗಾಳಿ ತಳ್ಳುತ್ತದೆ. ಉಲ್ಟಾ ಮಾಡಿದವರು ಹೋಗುವಾಗ ತಮ್ಮ ವೇಗ ಕಂಡು ತಾವೇ ಬೆರಗಾಗಿ, ಬರುವಾಗ ನಡೆದು ಬರುತ್ತಾರೆ. ಎದುರುಗಾಳಿಯಲ್ಲಿ ಗಡಿಯಾರದ ವೇಗಕ್ಕೆ ಅಂಟಿಕೊಳ್ಳದೆ ಉಸಿರಿನ ಮಟ್ಟ ನೋಡಿಕೊಳ್ಳಿ, ಪೂರ್ತಿ ವಾಕ್ಯ ಮಾತಾಡಲು ಬರುವಷ್ಟಿದ್ದರೆ ಸರಿ. ವಾಪಸು ದಾರಿಯಲ್ಲಿ ಸೂರ್ಯ ಮುಖಕ್ಕೇ ಹೊಡೆಯುತ್ತಾನೆ, ಟೋಪಿ ಇರಲಿ.

ಜೋಗಿಮಟ್ಟಿ ಕಡೆಯ ಏರುದಾರಿ ಕಾಲು ಗಟ್ಟಿ ಮಾಡಲು ಹೇಳಿಮಾಡಿಸಿದ್ದು. ಆದರೆ ಅದು ವನ್ಯಧಾಮ. ಕರಡಿ, ಚಿರತೆ ಇರುವ ಕಾಡು. ಅರಣ್ಯ ಇಲಾಖೆ ಬಿಡುವ ಹೊತ್ತಿನಲ್ಲಿ, ಬೆಳಕು ಹರಿದ ಮೇಲೆ, ನಾಲ್ಕು ಜನ ಜೊತೆಯಾಗಿ ಹೋಗಬೇಕು. ಕಿವಿಗೆ ಹಾಡು ಸಿಕ್ಕಿಸಿಕೊಂಡು ಒಬ್ಬರೇ ನಸುಕಿನಲ್ಲಿ ಹೋಗುವ ಜಾಗವಲ್ಲ. ಏರುವಾಗ ಹೆಜ್ಜೆ ಚಿಕ್ಕದಾಗಿರಲಿ, ಮುಂದೆ ಬಾಗುವುದು ಪಾದದ ಗೆಣ್ಣಿನಿಂದ, ಸೊಂಟದಿಂದಲ್ಲ.

ಕೋಟೆಯೊಳಗೆ ಓಡಬೇಡಿ. ಬಂಡೆಯಲ್ಲಿ ಕೆತ್ತಿದ ಮೆಟ್ಟಿಲುಗಳು ಶತಮಾನಗಳ ಕಾಲ್ತುಳಿತಕ್ಕೆ ನುಣುಪಾಗಿವೆ, ಎತ್ತರವೂ ಒಂದರಂತೆ ಒಂದಿಲ್ಲ. ಆದರೆ ಏಳು ಸುತ್ತಿನ ಕೋಟೆಯನ್ನು ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹತ್ತಿ, ಒನಕೆ ಓಬವ್ವನ ಕಿಂಡಿ, ಗೋಪಾಲಸ್ವಾಮಿ ಹೊಂಡ ಎಲ್ಲ ಸುತ್ತಿ ಬರುವ ಎರಡು ಮೂರು ಗಂಟೆಯ ನಡಿಗೆ ಯಾವ ಜಿಮ್ಮಿಗೂ ಕಡಿಮೆಯಿಲ್ಲ. ಹತ್ತುವುದಕ್ಕಿಂತ ಇಳಿಯುವುದು ತೊಡೆಗೆ ಹೆಚ್ಚು ಪೆಟ್ಟು: ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕಾಗುತ್ತದೆ. ಆ ನೋವು ಅವತ್ತೇ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಏರುತ್ತದೆ. ನೆಂಟರು ಬಂದಿದ್ದಾರೆಂದು ರೇಸಿಗೆ ಮೂರು ದಿನ ಇರುವಾಗ ಕೋಟೆ ತೋರಿಸಲು ಹೋದವರು ಸ್ಟಾರ್ಟ್ ಲೈನಿನಲ್ಲಿ ಮೆಟ್ಟಿಲಿಳಿಯಲಾರದೆ ನಿಂತಿರುತ್ತಾರೆ. ಕೊನೆಯ ಎರಡು ವಾರ ಕೋಟೆಗೆ ರಜೆ ಕೊಡಿ. ಚಂದ್ರವಳ್ಳಿ ಕೆರೆಯ ಕಡೆ ಕರೆದುಕೊಂಡು ಹೋಗಿ. ಮಯೂರಶರ್ಮನ ಶಾಸನ ನೋಡಿದಂತೆಯೂ ಆಯಿತು, ಕಾಲು ಉಳಿದಂತೆಯೂ ಆಯಿತು.

ಮಾರ್ಚ್ ಬಂದಮೇಲೆ ಎರಡೂ ಊರಲ್ಲಿ ಬಿಸಿಲೇ ಯಜಮಾನ. ದೇಹ ಸೆಕೆಗೆ ಒಗ್ಗಲು ಹತ್ತರಿಂದ ಹದಿನಾಲ್ಕು ದಿನ ಬೇಕು. ಅಷ್ಟು ದಿನ ವೇಗ ಇಳಿಸಿ, ಐದು ಕಾಲಿಗೇ ಹೊರಟು ಏಳರೊಳಗೆ ಮನೆ ಸೇರಿ. ಹತ್ತಿ ಬನಿಯನ್ ಬೆವರು ಹೀರಿ ಭಾರವಾಗಿ ಕಂಕುಳು, ಎದೆ ಉಜ್ಜುತ್ತದೆ. ಉದ್ದದ ಓಟಕ್ಕೆ ಮುಂಚೆ ಅಲ್ಲಿಗೂ ತೊಡೆ ಸಂದಿಗೂ ವ್ಯಾಸಲೀನ್ ಹಚ್ಚದಿದ್ದರೆ ಸ್ನಾನಕ್ಕೆ ಬಿಸಿನೀರು ಸುರಿದುಕೊಂಡಾಗ ಗೊತ್ತಾಗುತ್ತದೆ.

ಈಗ ಓಟ ಮುಗಿಯಿತು. ಮೊದಲು ಹತ್ತು ನಿಮಿಷ ನಡೆಯಿರಿ, ಒದ್ದೆ ಬಟ್ಟೆ ಬದಲಿಸಿ, ಉಪ್ಪು ಹಾಕಿದ ಎರಡು ಲೋಟ ಮಜ್ಜಿಗೆ ಕುಡಿಯಿರಿ. ಒಂದು ಗಂಟೆಯೊಳಗೆ ತಿಂಡಿ. ಹೋಟೆಲಿಗೆ ಹೋಗುವ ಪುಣ್ಯವಂತರು ಹೋಗಲಿ. ಮನೆಯಲ್ಲಿ ಮಾಡುವವರಿಗೆ ಬೆಣ್ಣೆ ದೋಸೆಯ ಅಳತೆ ಇದು.

ದೋಸೆ ಅಕ್ಕಿ ನಾಲ್ಕು ಲೋಟ, ಉದ್ದಿನಬೇಳೆ ಒಂದು ಲೋಟ, ಮೆಂತ್ಯ ಒಂದು ಟೀ ಚಮಚ, ಮಂಡಕ್ಕಿ ಎರಡು ಲೋಟ. ಅಕ್ಕಿ ಒಂದು ಕಡೆ, ಉದ್ದು-ಮೆಂತ್ಯ ಇನ್ನೊಂದು ಕಡೆ ಐದು ಗಂಟೆ ನೆನೆಯಲಿ. ಮಂಡಕ್ಕಿಯನ್ನು ರುಬ್ಬುವ ಹತ್ತು ನಿಮಿಷ ಮುಂಚೆ ಮಾತ್ರ ನೆನೆಸಿ. ಉದ್ದನ್ನು ಉಬ್ಬುವಂತೆ ನುಣ್ಣಗೆ, ಅಕ್ಕಿ-ಮಂಡಕ್ಕಿಯನ್ನು ಕೈಗೆ ಸಣ್ಣ ರವೆ ಸಿಗುವಂತೆ ರುಬ್ಬಿ, ಎರಡನ್ನೂ ಕೈಯಲ್ಲೇ ಕಲಸಿ. ಬೇಸಿಗೆಯಲ್ಲಿ ಆರೇಳು ಗಂಟೆಗೆ ಹುದುಗು ಬರುತ್ತದೆ, ಡಿಸೆಂಬರ್ ಚಳಿಯಲ್ಲಿ ಹನ್ನೆರಡು ಗಂಟೆ ದಾಟುತ್ತದೆ. ಭಾನುವಾರ ಬೆಳಗಿನ ದೋಸೆಗೆ ಶನಿವಾರ ಸಂಜೆಯೇ ರುಬ್ಬಿಟ್ಟು ಮಲಗುವುದು ಅನುಕೂಲ. ಹುಯ್ಯುವ ಮುಂಚೆ ಉಪ್ಪು, ಒಂದು ಚಮಚ ಸಕ್ಕರೆ, ಚಿಟಿಕೆ ಸೋಡಾ.

ಕಾವಲಿ ದಪ್ಪದ ಕಬ್ಬಿಣದ್ದೇ ಆಗಬೇಕು. ನೀರು ಚಿಮುಕಿಸಿದರೆ ಹನಿ ಚುಂಯ್ ಎಂದು ಆರಬೇಕು. ಅಷ್ಟು ಕಾದ ಮೇಲೆ ಇನ್ನೊಮ್ಮೆ ಚಿಮುಕಿಸಿ ಒರೆಸಿ, ಉರಿ ಇಳಿಸಿ, ಆಮೇಲೆ ಹಿಟ್ಟು. ಅತಿ ಬಿಸಿಯಿದ್ದರೆ ಹಿಟ್ಟು ಸೌಟಿಗೇ ಸುತ್ತಿಕೊಂಡು ಬರುತ್ತದೆ. ಮಸಾಲೆ ದೋಸೆಯಷ್ಟು ತೆಳ್ಳಗೆ ಎಳೆಯಬೇಡಿ, ಅಂಗೈಗಿಂತ ಸ್ವಲ್ಪ ಅಗಲ, ಕೊಂಚ ದಪ್ಪ. ಮೇಲೆ ತೂತುಗಳು ಬಿದ್ದು ಹಸಿ ಹೊಳಪು ಆರಿದ ಕ್ಷಣ ಬೆಣ್ಣೆ ಹಾಕಿ, ಅಂಚಿಗೂ ಹರಿಯಲಿ. ಮನೆಯ ಬಿಳಿ ಬೆಣ್ಣೆಯಲ್ಲಿ ನೀರಿನಂಶ ಇರುವುದರಿಂದ ಚಟಪಟ ಸದ್ದು ಬರುತ್ತದೆ. ಸದ್ದು ತಗ್ಗಿದಾಗ ತಳ ಗರಿಯಾಗಿದೆ ಎಂದು ತಿಳಿಯಿರಿ. ಹಿಟ್ಟು ಹುಯ್ಯುವ ಮೊದಲೇ ಕಾವಲಿಗೆ ಬೆಣ್ಣೆ ಸವರಿದರೆ ಅದರೊಳಗಿನ ಹಾಲಿನ ಅಂಶ ಸೀದು ಕಪ್ಪು ಚುಕ್ಕೆ ಏಳುತ್ತದೆ.

ದೋಸೆ ಮೆತ್ತಗೇ ಉಳಿದರೆ ಉದ್ದು ಜಾಸ್ತಿಯಾಗಿದೆ. ಗಟ್ಟಿ ಹಪ್ಪಳದಂತಾದರೆ ಮಂಡಕ್ಕಿ ಕಡಿಮೆ, ಇಲ್ಲವೇ ಹುದುಗು ಸಾಲದು. ಬಣ್ಣ ಬರದಿದ್ದರೆ ಸಕ್ಕರೆ ಮರೆತಿದ್ದೀರಿ. ಪಲ್ಯಕ್ಕೆ ಅರಿಸಿನ ಹಾಕಿ ಹಳದಿ ಮಾಡಬೇಡಿ, ನಮ್ಮ ಕಡೆಯದು ಬಿಳಿ ಆಲೂಗಡ್ಡೆ ಪಲ್ಯ: ಬೇಯಿಸಿ ಹಿಸುಕಿದ ಆಲೂಗಡ್ಡೆ, ಬಾಡಿಸಿದ ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಅಷ್ಟೇ. ಚಟ್ನಿ ತೆಂಗಿನಕಾಯಿ, ಪುಟಾಣಿ, ಹಸಿಮೆಣಸಿನಕಾಯಿಯದು, ನೀರಾಗಿರಬೇಕು.

ಓಟಗಾರರ ದೃಷ್ಟಿಯಿಂದ ಈ ತಟ್ಟೆಯಲ್ಲಿ ಕೊರತೆ ಒಂದೇ, ಪ್ರೋಟೀನ್. ಉದ್ದದ ಓಟದ ನಂತರ ಒಂದು ಹೊತ್ತಿಗೆ 20-25 ಗ್ರಾಂ ಬೇಕು. ಎರಡು ದೋಸೆಯಿಂದ ಅದರರ್ಧವೂ ಸಿಗುವುದು ಕಷ್ಟ. ಎರಡು ಮೊಟ್ಟೆ, ಅಥವಾ ಒಂದು ಬಟ್ಟಲು ಹೆಸರುಕಾಳು ಉಸಲಿ, ಜೊತೆಗೊಂದು ಲೋಟ ಹಾಲು ಸೇರಿಸಿಕೊಳ್ಳಿ.

ತಿಂಡಿ ಮುಗಿಸಿ ಮನೆಮಂದಿಯ ಜೊತೆ ತಿರುಗಾಟಕ್ಕೆ ಹೊರಡುವವರು ಕಾಲಿಗೆ ಕರುಣೆ ತೋರುವ ಜಾಗ ಆರಿಸಲಿ. ಹರಿಹರದ ಹರಿಹರೇಶ್ವರ ಗುಡಿ ಹತ್ತಿರ, 13ನೇ ಶತಮಾನದ ಹೊಯ್ಸಳರ ಕಾಲದ್ದು, ಒಳಗಿನ ಕಲ್ಲು ನೆಲ ತಂಪು. ಸಂತೆಬೆನ್ನೂರು ಪುಷ್ಕರಣಿ ಚಂದ, ಆದರೆ ಮೆಟ್ಟಿಲಿಳಿಯುವ ಆಸೆ ತಡೆದು ಮೇಲಿಂದಲೇ ನೋಡಿ. ಸೂಳೆಕೆರೆ ಏರಿಯ ಮೇಲೆ ಕಾಲಾಡಿಸಬಹುದು. ಚಿತ್ರದುರ್ಗದ ಕಡೆಯವರಿಗೆ ಹಿರಿಯೂರಿನಾಚೆಯ ವಾಣಿ ವಿಲಾಸ ಸಾಗರ ಇದೆ. 1933ರ ನಂತರ 2022ರಲ್ಲಿ ಕೋಡಿ ಬಿದ್ದಾಗಿನಿಂದ ಭಾನುವಾರ ಜನಜಂಗುಳಿ, ಊಟ ಕಟ್ಟಿಕೊಂಡು ಹೋಗುವುದು ಕ್ಷೇಮ.

ದೊಡ್ಡ ರೇಸಿಗೆಂದು ಊರು ಬಿಡುವಾಗ ಕೆಡುವುದು ಹೆಚ್ಚಾಗಿ ಓಟವಲ್ಲ, ಹಿಂದಿನ ದಿನ. ಬೆಂಗಳೂರಿನಲ್ಲಿ 2008ರಿಂದ ನಡೆಯುತ್ತಿರುವ ವರ್ಲ್ಡ್ ಟೆನ್‌ಕೆ ಆಗಲಿ, ಜನವರಿಯ ಮುಂಬೈ ಮ್ಯಾರಥಾನ್ ಆಗಲಿ, ಎದೆಗೆ ಸಿಕ್ಕಿಸುವ ನಂಬರು ಹಿಂದಿನ ದಿನದೊಳಗೇ ಪಡೆಯಬೇಕು. ನಂಬರು ಕೊಡುವುದು ಎಷ್ಟು ಗಂಟೆಗೆ ಮುಗಿಯುತ್ತದೆ ಎಂದು ಮೊದಲು ನೋಡಿ, ಆಮೇಲೆ ರೈಲು ಬುಕ್ ಮಾಡಿ. ಮಧ್ಯಾಹ್ನದ ಮೇಲೆ ದಾವಣಗೆರೆ ಬಿಟ್ಟರೆ ತಲುಪುವಷ್ಟರಲ್ಲಿ ಕೌಂಟರ್ ಮುಚ್ಚಿರುತ್ತದೆ. ದಾವಣಗೆರೆಯವರಿಗೆ ಹುಬ್ಬಳ್ಳಿ-ಬೆಂಗಳೂರು ಮುಖ್ಯ ಮಾರ್ಗದ ರೈಲುಗಳಿವೆ. ಚಿತ್ರದುರ್ಗ ಆ ಮಾರ್ಗದಲ್ಲಿಲ್ಲ. ಚಿಕ್ಕಜಾಜೂರಿಗೆ ಹೋಗಿ ಹತ್ತಬೇಕು, ಇಲ್ಲವೇ ಹೆದ್ದಾರಿ 48ರ ಬಸ್ಸು, ಸುಮಾರು 200 ಕಿ.ಮೀ. ನಂಬರು ಸಿಕ್ಕ ಮೇಲೆ ಅಲ್ಲೇ ನಡೆಯುವ ಎಕ್ಸ್‌ಪೋದ (ಓಟದ ಸಾಮಾನಿನ ಮೇಳದ) ಮಳಿಗೆಗಳಲ್ಲಿ ಎರಡು ಗಂಟೆ ನಿಲ್ಲಬೇಡಿ. ಅಲ್ಲಿ ಕೊಂಡ ಹೊಸ ಶೂ, ಹೊಸ ಸಾಕ್ಸ್, ಉಚಿತವಾಗಿ ಸಿಕ್ಕ ಜೆಲ್ ಯಾವುದನ್ನೂ ಮರುದಿನ ಪ್ರಯೋಗಿಸಬೇಡಿ.

ಲಾಡ್ಜಿನಲ್ಲಿ ಬೆಳಗಿನ ನಾಲ್ಕಕ್ಕೆ ತಿಂಡಿ ಸಿಗುವುದಿಲ್ಲ. ಚೀಲದಲ್ಲಿ ಬಾಳೆಹಣ್ಣು, ಬೆಲ್ಲ, ಮಾಡಿ ರೂಢಿಯಿದ್ದ ಉಪ್ಪು-ಸಕ್ಕರೆ ಪುಡಿಯ ಪೊಟ್ಟಣ, ಒಂದು ಡಬ್ಬಿ ತೆಳು ಅವಲಕ್ಕಿ ಇರಲಿ. ಅವಲಕ್ಕಿಗೆ ಬಾಟಲಿ ನೀರು ಚಿಮುಕಿಸಿ ಬೆಲ್ಲ ಕಲಸಿದರೆ ಐದು ನಿಮಿಷದ ಕೆಲಸ. ರಾತ್ರಿಗೆ ಹತ್ತಿರದ ದರ್ಶಿನಿಯಲ್ಲಿ ಅನ್ನ-ಸಾರು, ಮೊಸರನ್ನ ಸಾಕು. ಊರು ಹೊಸದೆಂದು ಅಲ್ಲಿನ ಬಿರಿಯಾನಿ, ಪಾವ್ ಭಾಜಿ ಹುಡುಕಿ ಹೊರಡುವುದನ್ನು ರೇಸು ಮುಗಿದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ವಾಪಸು ಬರುವಾಗ ಬಸ್ಸಿನಲ್ಲಿ ನಡುದಾರಿಯ ಪಕ್ಕದ ಸೀಟು ಹಿಡಿಯಿರಿ, ಕಿಟಕಿಯ ಆಸೆ ಬಿಡಿ. ಗಂಟೆಗೊಮ್ಮೆ ಎದ್ದು ನಿಂತು ಹಿಮ್ಮಡಿ ಎತ್ತಿ ಇಳಿಸಬೇಕು, ಇಲ್ಲದಿದ್ದರೆ ಮೀನಖಂಡ ಸೆಟೆದುಕೊಂಡು ಇಳಿಯುವಾಗ ಕಂಡಕ್ಟರ್ ಕೈ ಹಿಡಿಯಬೇಕಾಗುತ್ತದೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಗೆ ಬಸ್ಸು ನಿಂತರೆ ಇಳಿದು ತಿನ್ನಿ, ನಿಂತುಕೊಂಡೇ.